ನಾನು ಬರೆಯದ ಹೆಸರು

ಯಾರಾದರೂ ತಮಗಾದ ವಿಚಿತ್ರ ಅನುಭವ ಹೇಳಲು ಶುರು ಮಾಡಿದರೆ ನಾನು ಒಂದೇ ಪ್ರಶ್ನೆ ಕೇಳುತ್ತಿದ್ದೆ: ಇದನ್ನು ಎಷ್ಟನೇ ಸಲ ಹೇಳುತ್ತಿದ್ದೀರಿ? ಹತ್ತನೇ ಸಲ ಹೇಳುವ ಹೊತ್ತಿಗೆ ಕತೆ ನುಣುಪಾಗಿರುತ್ತದೆ, ಕೈಗೆ ಚುಚ್ಚುವುದೆಲ್ಲ ಉದುರಿಹೋಗಿರುತ್ತದೆ ಎಂಬುದು ನನ್ನ ವಾದ. ನೆನಪಿನ ಬಗ್ಗೆ ನನಗೆ ಗೌರವ ಕಡಿಮೆ. ಬರೆಯುವವನಾದ್ದರಿಂದ ಅದು ಹೇಗೆ ಸುಳ್ಳು ಹೇಳುತ್ತದೆಂದು ಬಲ್ಲೆ; ಎಷ್ಟೋ ಸಲ ನಾನೇ ಅದಕ್ಕೆ ಸಹಾಯ ಮಾಡಿದ್ದೇನೆ. ಈಗ ನಾನೇ ಅಂಥದೊಂದನ್ನು ಹೇಳಲು ಕೂತಿದ್ದೇನೆ. ಎಷ್ಟನೇ ಸಲ ಎಂದರೆ, ಮೂರನೆಯದು. ಎಲ್ಲಿ ನನಗೇ ಅನುಮಾನವಿದೆಯೋ ಅಲ್ಲಿ ನಿಂತು ಹೇಳುತ್ತೇನೆ.

ನನ್ನ ಅಜ್ಜ, ಅಂದರೆ ಅಪ್ಪನ ಅಪ್ಪ, ತಿಪ್ಪಣ್ಣ. ಖಾನಾಪುರ ತಾಲ್ಲೂಕಿನ ಒಂದು ಸಣ್ಣ ಊರಿನ ಕುರಿ ಕಾಯುವ ಮನೆತನ. ಎರಡನೇ ಮಹಾಯುದ್ಧದ ಕಾಲಕ್ಕೆ ಬೆಳಗಾವಿಗೆ ಬಂದು ಸೈನ್ಯ ಸೇರಿದ, ಕಡಲಾಚೆ ಹೋದ, ಶತ್ರುಗಳ ಕೈಗೆ ಸಿಕ್ಕು ಸೆರೆಯಲ್ಲಿದ್ದ, ಯುದ್ಧ ಮುಗಿದ ಮೇಲೆ ಬಂದ. ಮನೆಯಲ್ಲಿ ನಾವು ಕೇಳಿದ್ದು ಇಷ್ಟೆ. ಅವನು ತೀರಿಕೊಂಡಾಗ ನನಗೆ ನಾಲ್ಕು ವರ್ಷ. ಅವನ ತೊಡೆಯ ಮೇಲೆ ಕೂತಿದ್ದು, ಕಂಬಳಿಯ ವಾಸನೆ, ಇವೆರಡು ನೆನಪಿವೆ. ಅಥವಾ ನೆನಪಿವೆ ಎಂದು ಅಂದುಕೊಂಡಿದ್ದೇನೆ.

ಅಪ್ಪ ಹುಟ್ಟಿದ್ದು ಅಜ್ಜ ಮರಳಿ ಬಂದ ಮೇಲೆ. ಅವನ ಅಕ್ಕ ನೀಲವ್ವ ಹುಟ್ಟಿದ್ದು ಅಜ್ಜ ಸೈನ್ಯಕ್ಕೆ ಹೋಗುವ ಮೊದಲು. ನಾವು ಅತ್ತಿ ಎಂದು ಕರೆಯುವ ಈ ನೀಲವ್ವನನ್ನು ನಂದಗಡಕ್ಕೆ ಕೊಟ್ಟಿದ್ದರು. ಕೆಲವು ವರ್ಷಗಳ ಹಿಂದೆ, ಎಂಬತ್ತು ದಾಟಿದ್ದ ಅವಳನ್ನು ನೋಡಲು ಹೋದಾಗ, ಎಲ್ಲರೂ ಹೊರಗೆ ಹೋಗುವವರೆಗೆ ಕಾದು, ನನ್ನನ್ನು ಹತ್ತಿರ ಕೂಡಿಸಿಕೊಂಡಳು. ಸಣ್ಣವಳಿದ್ದಾಗಿನಿಂದ ಅವಳು ಒಂದು ಮಾತು ಕೇಳುತ್ತ ಬಂದಿದ್ದಳು: ನಿಮ್ಮಪ್ಪ ಯುದ್ಧದಲ್ಲೇ ಸತ್ತ, ಬಂದವನು ಬೇರೆಯವನು, ನಿಮ್ಮವ್ವ ಆಮೇಲೆ ಮಾಡಿಕೊಂಡವನು. ಗಂಡನ ಮನೆಯಲ್ಲಿ ಅತ್ತೆ ಪ್ರತಿ ಜಗಳದ ಕೊನೆಗೆ ಇದನ್ನೇ ಎತ್ತಿ ಆಡುತ್ತಿದ್ದಳಂತೆ. ನಿಜ ಬಲ್ಲವರೆಲ್ಲ ಒಬ್ಬೊಬ್ಬರೇ ಹೋದರು. ಮಾತು ಮಾತ್ರ ಉಳಿಯಿತು.

"ನೀ ಬರಿಯೋ ಮನಶ್ಯಾ ಇದ್ದಿ, ಕಾಗದ ಪತ್ರ ನಿನಗ ತಿಳೀತಾವ," ಅಂದಳು. "ಲಷ್ಕರದವರು ಸೆರೀ ಸಿಕ್ಕವರದು ಬರದಿಟ್ಟಿರ್ತಾರಂತ. ನನ್ನ ಸಾಕಿದಾಂವ ನಮ್ಮಪ್ಪ ಹೌದೋ ಅಲ್ಲೋ, ಸಾಯೂದರೊಳಗ ಅಷ್ಟ ತಿಳಿಸು."

ಎರಡು ವರ್ಷ ಹುಡುಕಿದೆ. ಬೆಳಗಾವಿಯ ಸದಾಶಿವನಗರದ ನನ್ನ ಮನೆಯಲ್ಲಿ ಕಂಪ್ಯೂಟರಿನ ಮುಂದೆ ಕೂತು, ಯಾರೋ ಪುಣ್ಯಾತ್ಮರು ಚಿತ್ರ ತೆಗೆದು ಹಾಕಿದ್ದ ಯುದ್ಧಕೈದಿಗಳ ಪಟ್ಟಿಗಳನ್ನು ಪುಟಪುಟವಾಗಿ ನೋಡಿದೆ. ಅಂಥ ದಾಖಲೆ ಇಟ್ಟುಕೊಂಡಿರುವ ಪರದೇಶದ ಕಚೇರಿಗಳಿಗೆ ಬರೆದೆ. ಎಲ್ಲರೂ ಬಹಳ ಸಭ್ಯವಾಗಿ ಉತ್ತರಿಸಿದರು: ಈ ತಂದೆಯ, ಈ ಊರಿನ ತಿಪ್ಪಣ್ಣ ಎಂಬವನು ನಮ್ಮಲ್ಲಿ ಇಲ್ಲ. ನಿಧಾನವಾಗಿ ನಾನು ಅತ್ತಿಯ ಅತ್ತೆಯ ಪಕ್ಷ ಸೇರತೊಡಗಿದೆ. ಇನ್ನೊಂದನ್ನೂ ಒಪ್ಪಿಕೊಳ್ಳಬೇಕು. ಬಂದವನು ಬೇರೆಯವನೇ ಆಗಿದ್ದರೆ ಎಂಥ ಕತೆ ಎಂದು ನನ್ನೊಳಗಿನ ಬರಹಗಾರ ಒಳಗೊಳಗೇ ಖುಷಿಪಡುತ್ತಿದ್ದ. ಅತ್ತಿಗೆ ಫೋನ್ ಮಾಡುವುದನ್ನು ಕಡಿಮೆ ಮಾಡಿದೆ.

ಆಗ ಗೆಳೆಯರೊಬ್ಬರು ನಮ್ಮ ಬೆಳಗಾವಿಯದೇ ಭಾಗವಾದ ಶಹಾಪುರದ ಒಬ್ಬ ಹಿರಿಯರ ವಿಷಯ ಹೇಳಿದರು. ಸೈನ್ಯದಲ್ಲಿ ಕಾರಕೂನರಾಗಿದ್ದವರು, ನಿವೃತ್ತಿಯ ನಂತರ ಈ ಸೀಮೆಯಿಂದ ಹೋಗಿ ಸೆರೆ ಸಿಕ್ಕವರ ದಾಖಲೆಗಳ ಪ್ರತಿಗಳನ್ನು ಎಲ್ಲೆಲ್ಲಿಂದಲೋ ತರಿಸಿ ಕೂಡಿಡುವುದೇ ಅವರ ಹುಚ್ಚು. ಓಣಿಯವರಿಗೆಲ್ಲ ಅವರು ಹವಾಲ್ದಾರ ಮಾಮಾ. ಒಂದು ಮಧ್ಯಾಹ್ನ ಹೋದೆ. ಸುತ್ತ ಮಗ್ಗಗಳು. ವಿದ್ಯುತ್ ಮಗ್ಗಗಳ ಖಟಖಟ ಸದ್ದಿನಲ್ಲಿ ಇಬ್ಬರೂ ಕೂಗಿ ಮಾತಾಡಬೇಕಿತ್ತು. ನಾನು ಅಜ್ಜನ ಪುರಾಣ ಶುರು ಮಾಡುತ್ತಲೂ ಅವರು ಕೈ ಎತ್ತಿ ತಡೆದರು. ಬಾಯಿಮಾತಿನ ಮೇಲೆ ಅವರು ಹುಡುಕುವುದಿಲ್ಲವಂತೆ. ಜನ ಒಂದು ಹೇಳಿ, ಆಮೇಲೆ ಬೇರೆ ಹೇಳಿದ್ದೆ ಎಂದು ಜಗಳಕ್ಕೆ ಬರುತ್ತಾರಂತೆ. ಒಂದು ಚೀಟಿ ಕೊಟ್ಟರು. ಅದರಲ್ಲಿ ನಾಲ್ಕು ಸಾಲು: ಹೆಸರು, ತಂದೆಯ ಹೆಸರು, ಊರು, ತಾಲ್ಲೂಕು.

"ಲೇಖಕರಂತಲ್ರೀ ನೀವು. ಹಂಗಾರ ಓದಾಕ ಬರೂಹಂಗ ಬರೀರಿ," ಅಂದರು.

ನಾನು ನನ್ನ ಪೆನ್ನಿನಿಂದ, ಇಂಗ್ಲಿಷಿನ ದೊಡ್ಡಕ್ಷರಗಳಲ್ಲಿ, ತಿಪ್ಪಣ್ಣ ಎಂದು ಬರೆದೆ. ಅದರ ಕೆಳಗೆ ಮುತ್ತಜ್ಜನ ಹೆಸರು, ಊರು, ಖಾನಾಪುರ. ಬರೆಯುವಾಗ ಕರೆಂಟು ಹೋಗಿ ಓಣಿಯ ಮಗ್ಗಗಳೆಲ್ಲ ಒಮ್ಮೆಲೇ ನಿಂತವು. ನಿಬ್ಬಿನ ಕರಕರ ಸದ್ದು ಕೇಳುವಷ್ಟು ಮೌನ. ಚೀಟಿ ಕೊಟ್ಟೆ. ಅವರು ಓದಿ, ತಲೆಯಾಡಿಸಿ, ಒಳಗೆ ಹೋದರು. ನಾನು ಅವರ ಸೊಸೆ ತಂದ ಚಹಾ ಕುಡಿದೆ. ಅರ್ಧ ಗಂಟೆಗೆ ಒಂದು ಹಾಳೆ ಹಿಡಿದು ಬಂದರು.

"ಸಿಕ್ಕಾರ್ರಿ ನಿಮ್ಮ ಅಜ್ಜ. ಸುಮ್ಮನ ಎರಡು ವರ್ಷ ಕಳದ್ರಿ. ಶಹಾಪುರ ಏನ್ ಪರದೇಶ ಐತೇನ್ರೀ?"

ಅದು ಒಬ್ಬ ಕೈದಿಯ ಕಾರ್ಡಿನ ಪ್ರತಿ. ತಂದೆಯ ಹೆಸರು ಸರಿ, ಊರು ಸರಿ, ಕಸುಬು ಕುರಿ ಕಾಯುವುದು. ಆದರೆ ಮೇಲಿನ ಹೆಸರು ಅಡಿವೆಪ್ಪ. ಇವರು ನಮ್ಮವರಲ್ಲ, ನಾನು ಕೇಳಿದ್ದು ತಿಪ್ಪಣ್ಣನನ್ನು ಎಂದೆ. ಮಾಮಾ ಕನ್ನಡಕದ ಮೇಲಿಂದ ನನ್ನನ್ನು ನೋಡಿದರು. ಇಂಥವರನ್ನು ಬಹಳ ಕಂಡವರ ನೋಟ ಅದು. ಚೀಟಿಯನ್ನು ನನ್ನ ಮುಂದಿಟ್ಟರು.

ಚೀಟಿಯಲ್ಲಿ ಅಡಿವೆಪ್ಪ ಎಂದಿತ್ತು. ನನ್ನ ಶಾಯಿ. ತುದಿ ಕೂಡದ ನನ್ನ ಎ ಅಕ್ಷರ, ಅದನ್ನು ಹಾಗೆ ಬರೆಯುವವರನ್ನು ನಾನು ಬೇರೆ ಕಂಡಿಲ್ಲ. ತಿದ್ದಿದ ಗುರುತಿಲ್ಲ. ಆ ಹೆಸರಿನವರು ಯಾರೂ ನಮ್ಮ ಬಳಗದಲ್ಲಿ ಇಲ್ಲ. ಅದನ್ನು ಮನೆಯಲ್ಲಿ ಕೇಳಿದ ನೆನಪೂ ಇಲ್ಲ.

ಇಲ್ಲಿ ನಿಲ್ಲಬೇಕು. ನಾನು ತಿಪ್ಪಣ್ಣ ಎಂದು ಬರೆದದ್ದು ನನಗೆ ನೆನಪಿದೆ, ಎರಡು ಪಿ, ಎರಡು ಎನ್ ಸಮೇತ. ಆದರೆ ನೆನಪನ್ನು ನಂಬುವುದಿಲ್ಲ ಎಂದು ನಾನೇ ಮೊದಲು ಹೇಳಿದ್ದೇನೆ. ಹಾಗಾದರೆ ಕಾಗದವನ್ನು ನಂಬಬೇಕು. ಕಾಗದ ಹೇಳುವುದು ನಾನು ಅಡಿವೆಪ್ಪ ಎಂದು ಬರೆದೆನೆಂದು. ಯಾವುದನ್ನು ನಂಬಿದರೂ ನನಗೆ ಸಮಾಧಾನವಿರಲಿಲ್ಲ. ಚೀಟಿ, ಹಾಳೆ ಎರಡನ್ನೂ ತೆಗೆದುಕೊಂಡು ಮರುದಿನ ಬೆಳಿಗ್ಗೆ ಖಾನಾಪುರಕ್ಕೆ ಹೋಗಿ, ಅಲ್ಲಿ ಬಸ್ಸು ಬದಲಿಸಿ ನಂದಗಡ ಸೇರಿದೆ.

ಅತ್ತಿ ಕಟ್ಟೆಯ ಮೇಲೆ ಕೂತು ಅವರೆಕಾಯಿ ಸುಲಿಯುತ್ತಿದ್ದಳು. ಕುಶಲ ಮುಗಿಸಿ, ಏನೋ ಮಾಮೂಲಿ ವಿಷಯವೆಂಬಂತೆ, ನಮ್ಮಲ್ಲಿ ಅಡಿವೆಪ್ಪ ಅಂತ ಯಾರಿದ್ದರು ಎಂದು ಕೇಳಿದೆ. ಅವಳ ಕೈ ನಿಂತಿತು. ಎದ್ದು, ನನ್ನನ್ನು ಒಳಗೆ ಕರೆದು, ಬಾಗಿಲು ಮುಂದೆ ಮಾಡಿದಳು.

"ಆ ಹೆಸರ ನಿನಗ ಯಾರ ಹೇಳಿದ್ರು?"

ಯಾರೂ ಇಲ್ಲ ಎಂದೆ. ಅವಳು ನಂಬಲಿಲ್ಲ. ಆದರೂ ಹೇಳಿದಳು.

ಅಜ್ಜ ಸೆರೆ ಸಿಕ್ಕಾಗ ಮನೆಗೆ ಕಾಣೆಯಾಗಿದ್ದಾನೆಂದು ಕಾಗದ ಬಂದಿತ್ತು. ಒಂದೂವರೆ ವರ್ಷ ಕಾದು, ಸತ್ತನೆಂದು ಹಿರಿಯರು ಅವನ ದಿನ, ಅಂದರೆ ಉತ್ತರಕ್ರಿಯೆ, ಮಾಡಿ ಮುಗಿಸಿದರು. ಅಜ್ಜಿಯ ಬಳೆ ಒಡೆದರು. ಯುದ್ಧ ಮುಗಿದು ಒಂದು ಮಧ್ಯಾಹ್ನ ಅವನು ಬಂದು ನಿಂತಾಗ ಹೊಸ್ತಿಲು ದಾಟಗೊಡಲಿಲ್ಲ. ದಿನ ಆದವನು ಸತ್ತವನೇ. ಮನೆಯೊಳಗೆ ಬರಬೇಕಾದರೆ ಮತ್ತೆ ಹುಟ್ಟಬೇಕು. ಮೂರು ದಿನ ಕುರಿಹಟ್ಟಿಯಲ್ಲಿ ಮಲಗಿದ. ನಾಲ್ಕನೆಯ ದಿನ, ತೊಟ್ಟಿಲಲ್ಲಿ ಹಿಡಿಯದ ಆಳೆಂದು ಕಂಬಳಿಯ ಜೋಳಿಗೆ ಕಟ್ಟಿ, ಅವನನ್ನು ಅದರಲ್ಲಿ ಮಲಗಿಸಿ, ಐವರು ಹೆಂಗಸರು ತೂಗಿ, ಕಿವಿಯಲ್ಲಿ ಹೊಸ ಹೆಸರು ಹೇಳಿದರು. ತಿಪ್ಪೆಯ ಮೇಲಿನದಕ್ಕೆ ಸಾವು ಆಸೆಪಡದೆಂದು ತಿಪ್ಪಣ್ಣ ಎಂದು ಇಟ್ಟರು. ಆಮೇಲೆ ವಿಧವೆಯರಿಗೆ ಮಾಡುವ ಉಡಕಿ ಮದುವೆಯ ರೀತಿಯಲ್ಲಿ ಅಜ್ಜಿಯನ್ನು ಅವಳ ಗಂಡನಿಗೇ ಮತ್ತೆ ಕೊಟ್ಟರು. ಹಳೆಯ ಹೆಸರನ್ನು ಯಾರೂ ಎತ್ತಬಾರದು. ಎತ್ತಿದರೆ ಯಾರನ್ನು ಬಿಟ್ಟು ಹೋದೆನೆಂದು ಸಾವಿಗೆ ಗೊತ್ತಾಗುತ್ತದೆ. ಸೈನ್ಯದ ಕಾಗದಗಳು ಆ ಹೆಸರಿಗೆ ಬರುತ್ತಿದ್ದವು. ಅಂಚೆಯವನು ಕೂಗಿದರೆ, ಅಂಥವನು ಇಲ್ಲಿ ಇಲ್ಲ ಎಂದು ಅಜ್ಜನೇ ಹೇಳಿ ಕಳಿಸುತ್ತಿದ್ದನಂತೆ.

"ನಾ ಐದಾರು ವರ್ಷದಾಕಿ," ಅಂದಳು ಅತ್ತಿ. "ಅಷ್ಟ ದೊಡ್ಡ ಗಂಡಸು ಜೋಳಿಗ್ಯಾಗ ಮಲಗಿದ್ದು ನೋಡಿ ನಕ್ಕೆ. ಅವ್ವ ಕಪಾಳಕ್ಕ ಹೊಡದ್ಲು. ಅಂವ ಒಳಗ ಮಲಕೊಂಡ ನಗತಿದ್ದ."

ಹೊಸ ಹೆಸರು, ಉಡಕಿ. ಕಂಡವರು ಇರುವವರೆಗೆ ಊರಿಗೆ ನಿಜ ಗೊತ್ತಿತ್ತು. ಪರವೂರಿನವರ ಲೆಕ್ಕದಲ್ಲಿ ಮೊದಲಿನಿಂದಲೂ, ಕಂಡವರು ಹೋದ ಮೇಲೆ ಊರಿನವರ ಲೆಕ್ಕದಲ್ಲೂ, ಅವನು ಎರಡನೇ ಗಂಡನಾದ. ಅತ್ತಿಗೂ ಖಾತ್ರಿ ಇರಲಿಲ್ಲ. ಅವಳು ಕಂಡದ್ದು ಗಡ್ಡ ಬಿಟ್ಟ, ಎಲುಬಿನ ಹಂದರದಂಥ ಒಬ್ಬ ಅಪರಿಚಿತನನ್ನು. ಇವನೇ ನಿಮ್ಮಪ್ಪ ಎಂದು ಅವ್ವ ಹೇಳಿದ್ದಳು, ಅಷ್ಟೆ.

ಇದನ್ನೆಲ್ಲ ಎರಡು ವರ್ಷದ ಹಿಂದೆಯೇ ಯಾಕೆ ಹೇಳಲಿಲ್ಲ ಎಂದು ಕೇಳಿದೆ. ನನ್ನ ದನಿ ಸ್ವಲ್ಪ ಏರಿತ್ತು. ಅವಳು ಸೆರಗಿನಿಂದ ಕೈ ಒರೆಸಿಕೊಂಡಳು.

"ಹುಡುಕು ಅಂದೆ ಖರೇ. ಆ ಹೆಸರಿಲೆ ಹುಡುಕಿದ್ರ ಅಲ್ಲೇ ಸತ್ತಾನಂತ ಸಿಕ್ಕರ? ನನ್ನ ಸಾಕಿದಾಂವ ಕೈ ಬಿಟ್ಟ ಹೋಗ್ತಿದ್ನಲ್ಲೋ ತಮ್ಮಾ."

ನಾನು ಹಾಳೆ ತೆಗೆದು ಓದಿದೆ. ಹಿಂದಿನ ದಿನದ ಗಲಿಬಿಲಿಯಲ್ಲಿ ಹೆಸರು, ಊರು, ಕಸುಬಿನ ಕೆಳಗಿನದನ್ನು ಸರಿಯಾಗಿ ನೋಡಿರಲಿಲ್ಲ. ಬದುಕಿದ್ದವನು, ಯುದ್ಧದ ಕೊನೆಗೆ ಬಿಡುಗಡೆಯಾದವನು. ಗುರುತು: ಎಡಗಿವಿಯ ಹಾಲೆ ಹರಿದದ್ದು, ಹಳೆಯ ಗಾಯ. ಅಷ್ಟು ಓದಿದ್ದೇ ಅತ್ತಿ ನನ್ನ ಮೊಣಕೈ ಹಿಡಿದಳು. ಅಜ್ಜ ಅವಳಿಗೆ ಹೇಳುತ್ತಿದ್ದನಂತೆ: ನೀ ಕೂಸಿದ್ದಾಗ ನನ್ನ ಕಿವಿಗೆ ಹಾಕಿದ್ದ ಮುರುವು ಹಿಡಿದು ಜಗ್ಗಿ ಹರಿದಿ, ಸಿಪಾಯಿಗಿಂತ ನೀನೇ ಜೋರು. ಅವಳ ಗಂಡನ ತಾಯಿ ಮಾತ್ರ ಅದು ಯುದ್ಧದ ಗಾಯ, ಮೊದಲಿನವನ ಕಿವಿ ನೆಟ್ಟಗಿತ್ತು ಎನ್ನುತ್ತಿದ್ದಳು. ಮುಂದೆ ಓದಿದೆ. ಮನೆಯವರು: ಹೆಂಡತಿ ಒಬ್ಬಳು, ಮಗಳು ಒಬ್ಬಳು, ನೀಲವ್ವ.

ಅವಳು ಮತ್ತೆ ಓದಿಸಿದಳು. ಮೂರನೆಯ ಸಲ ತನ್ನ ಹೆಸರಿರುವ ಜಾಗದ ಮೇಲೆ ನನ್ನ ಬೆರಳು ಇಡಿಸಿ, ಅದರ ಪಕ್ಕ ತನ್ನ ಬೆರಳು ಇಟ್ಟಳು. ಕಿವಿ ಯಾರು ಹರಿದರೆಂದು ಕಾರ್ಡು ಹೇಳುವುದಿಲ್ಲ, ಹೆಸರು ಹೇಳಿದವನು ಯಾರೆಂದೂ ಕಾರ್ಡಿಗೆ ಗೊತ್ತಿಲ್ಲ ಎಂದು ನನ್ನ ತಲೆ ಹೇಳುತ್ತಿತ್ತು. ನಾನು ಬಾಯಿ ಬಿಡಲಿಲ್ಲ. ಹಾಗೆ ಬಾಯಿ ಬಿಡದಿದ್ದುದಕ್ಕೆ ಇವತ್ತಿಗೂ ನನ್ನ ಮೇಲೆ ನನಗೆ ಸ್ವಲ್ಪ ಒಳ್ಳೆಯ ಅಭಿಪ್ರಾಯವಿದೆ.

ಅವಳು ಎದ್ದು ಬಾಗಿಲು ತೆರೆದಳು. ಹೊಸ್ತಿಲಲ್ಲಿ ನಿಂತು, ಹೊರಗೆ ಬಿಸಿಲಿನ ಕಡೆ ನೋಡುತ್ತ, ಯಾರನ್ನೋ ಊಟಕ್ಕೆ ಕರೆಯುವ ದನಿಯಲ್ಲಿ ಆ ಹೆಸರನ್ನು ಒಂದು ಸಲ ಹೇಳಿದಳು. ಸ್ವಲ್ಪ ಹೊತ್ತು ಕಾದಳು. ಆಮೇಲೆ ನನ್ನ ಕಡೆ ತಿರುಗಿ, "ನೋಡು, ಏನೂ ಆಗಲಿಲ್ಲ," ಎಂದು ನಕ್ಕಳು. ಮತ್ತೆ ಅವರೆಕಾಯಿಗೆ ಕೂತಳು.

ಅವಳ ಮಟ್ಟಿಗೆ ಅಲ್ಲಿಗೆ ಮುಗಿಯಿತು. ನನಗೆ ಮುಗಿದಿಲ್ಲ. ತೊಡೆಯ ಮೇಲೆ ಕೂತ ನಾಲ್ಕು ವರ್ಷದ ಮೊಮ್ಮಗನ ಕಿವಿಯಲ್ಲಿ, ಇವನಿಗೇನು ತಿಳಿಯುತ್ತದೆಂದು, ಅಜ್ಜನೇ ಒಮ್ಮೆ ತನ್ನ ಹಳೆಯ ಹೆಸರು ಹೇಳಿರಬಹುದೆ? ಇರಬಹುದು. ಹಾಗಿದ್ದರೆ ಅದು ಐವತ್ತು ವರ್ಷ ಸುಮ್ಮನಿದ್ದು, ಹುಡುಕಾಟದ ಎರಡು ವರ್ಷವೂ ಸುಮ್ಮನಿದ್ದು, ಆ ಚೀಟಿಯ ಮೇಲೆಯೇ ಯಾಕೆ ಬಂತು? ನಾನು ತಿಪ್ಪಣ್ಣ ಎಂದು ಬರೆದ ನೆನಪು ಎಲ್ಲಿಂದ ಬಂತು? ಮಾಮಾ ಊರಿನ ಮೇಲೆ ಹುಡುಕಿ, ಹೆಸರು ಸಿಕ್ಕ ಮೇಲೆ ಬೇರೆ ಚೀಟಿ ಬರೆದರೆಂದು ಕೂಡ ಯೋಚಿಸಿದೆ. ಅದೇ ಮೊದಲ ಸಲ ನೋಡಿದ ನನ್ನ ಅಕ್ಷರವನ್ನು ಅರ್ಧ ಗಂಟೆಯಲ್ಲಿ ಕಲಿತು, ನನ್ನ ಜೇಬಿನಲ್ಲಿದ್ದ ಪೆನ್ನಿನಿಂದ ಬರೆಯುವ ಮನುಷ್ಯ ಅಲ್ಲ ಅವರು.

ಅವರಿಗೆ ಉಪಕಾರ ಹೇಳಲು ಮರುವಾರ ಶಹಾಪುರಕ್ಕೆ ಹೋದೆ. ಮಾತಿನ ನಡುವೆ, ಅವತ್ತು ಕರೆಂಟು ಹೋಗಿದ್ದು ಒಳ್ಳೆಯದಾಯಿತು, ಮಗ್ಗದ ಗದ್ದಲವಿಲ್ಲದೆ ಬರೆದೆ ಎಂದೆ. ಅವತ್ತು ಕರೆಂಟು ಹೋಗಿರಲಿಲ್ಲ ಎಂದರು. ಚಹಾ ತಂದ ಸೊಸೆಯೂ ಹೋಗಿರಲಿಲ್ಲ ಎಂದಳು. ನಾನು ವಾದಿಸಲಿಲ್ಲ. ನಿಮ್ಮಿಂದ ನಮ್ಮ ಅತ್ತಿಯ ಜೀವ ತಣ್ಣಗಾಯಿತು ಎಂದು ಕೈ ಮುಗಿದೆ. "ನಾ ಏನ್ ಮಾಡೀನ್ರೀ? ನೀವು ಬರದ್ರಿ, ನಾ ತಗದು ಕೊಟ್ಟೆ," ಎಂದು ಅವರು ನನ್ನ ಕೈ ಬಿಡಿಸಿದರು. ನಂದಗಡದಲ್ಲಿ ಅತ್ತಿಗೂ ಹೇಳಿದೆ, ನೀನು ಕೇಳದಿದ್ದರೆ ನಾನು ಅಜ್ಜನನ್ನು ಹುಡುಕುತ್ತಲೇ ಇರಲಿಲ್ಲ ಎಂದು. ಹೆಸರು ಮುಚ್ಚಿಟ್ಟವಳಿಗೆ ಎಂಥ ಉಪಕಾರ ಎಂದು ಅವಳೂ ತೆಗೆದುಕೊಳ್ಳಲಿಲ್ಲ. ನನಗೆ ನಾನೇ ಹೇಳಿಕೊಳ್ಳೋಣವೆಂದರೆ, ನಾನು ಬರೆದದ್ದಂತೂ ತಿಪ್ಪಣ್ಣ. ಹೀಗೆ, ಸಲ್ಲಿಸಬೇಕಾದ ಕೃತಜ್ಞತೆಯೊಂದು ಇಷ್ಟು ವರ್ಷವೂ ನನ್ನಲ್ಲೇ ಉಳಿದಿದೆ. ಯಾರ ಬಳಿ ಒಯ್ದರೂ, ಇದು ನನ್ನದಲ್ಲ ಎನ್ನುತ್ತಾರೆ.