ಲೋಟದ ಕೆಳಗೆ ಇಡದ ಹಣ

ಆಗ ನನಗೆ ಐವತ್ತೈದು. ಇದಾಗಿ ಏಳು ವರ್ಷ. ಆ ವಯಸ್ಸಿಗೆ ಗಿರಾಕಿ ಯಾರು ಬರುತ್ತಾರೆ ಎಂದು ನಗುವವರು ನಗಲಿ. ಗಂಡಸರೂ ಮುದುಕರಾಗುತ್ತಾರೆ, ಗುರುತಿನ ಬಾಗಿಲಿಗೇ ಬರುತ್ತಾರೆ.

ರಾಣೆಬೆನ್ನೂರಿನ ಬಸ್ ಸ್ಟ್ಯಾಂಡಿನ ಹಿಂದೆ ನನ್ನದೊಂದು ಬಾಡಿಗೆ ಕೋಣೆ. ದಲ್ಲಾಳಿ ಇಲ್ಲ, ಯಜಮಾನಿ ಇಲ್ಲ, ನನ್ನ ದಂಧೆ ನನ್ನದು. ಮಗಳನ್ನು ಅಗಡಿಗೆ, ಹೊಲ ಇರುವ ಮನೆಗೆ ಕೊಟ್ಟಿದ್ದೆ. ಅವಳು ತಿಳಿದಂತೆ ನಾನು ಬ್ಯಾಡಗಿಯಲ್ಲಿ ಮೆಣಸಿನಕಾಯಿ ತೊಟ್ಟು ಬಿಡಿಸುವವಳು. ವಾರಕ್ಕೆ ಎರಡು ದಿನ ನಿಜವಾಗಿಯೂ ಹೋಗಿ ಬಿಡಿಸುತ್ತಿದ್ದೆ. ಕೈ ಉರಿಯುತ್ತಿರುವವಳನ್ನು ಯಾರೂ ಎರಡನೆಯ ಮಾತು ಕೇಳುವುದಿಲ್ಲ. ಬೀಗರಿಗೆ ನಿಜ ತಿಳಿದರೆ ಮಗಳು ಕೂಸನ್ನು ಎತ್ತಿಕೊಂಡು ಆ ಮನೆಯಿಂದ ಹೊರಬೀಳಬೇಕು. ನನಗಿದ್ದ ಹೆದರಿಕೆ ಅದೊಂದೇ.

ಹಣಕ್ಕೆ ಒಂದು ರೀತಿ ಇತ್ತು. ಬಂದವನ ಮುಂದೆ ನೀರಿನ ಲೋಟ ಇಟ್ಟು ನಾನು ಹೊರಗೆ ನಳದ ಹತ್ತಿರ ಹೋಗುತ್ತಿದ್ದೆ. ಅವನು ನೋಟನ್ನು ಲೋಟದ ಕೆಳಗೆ ಇಡಬೇಕು. ಕೈಗೆ ಕೊಡುವಂತಿಲ್ಲ, ಎಷ್ಟೆಂದು ಬಾಯಿ ಬಿಡುವಂತಿಲ್ಲ. ಕಡಿಮೆ ಇದ್ದರೆ ನೀರು ಕುಡಿಸಿ ಕಳಿಸುತ್ತಿದ್ದೆ. ಹೆಚ್ಚಿದ್ದರೆ ಹೆಚ್ಚಿನದನ್ನು ಆಗಲೇ ತಿರುಗಿ ಕೊಡಬೇಕು. ಇದನ್ನು ಕಲಿಸಿದ ಹಿರಿಯಳು ಹೇಳುತ್ತಿದ್ದಳು: "ಹೆಚ್ಚು ಕೊಟ್ಟಾವ ಹೆಚ್ಚು ಒಯ್ಯಾಕ ಬಂದಿರತಾನ. ಏನಂತ ಮೊದಲ ಹೇಳೂದಿಲ್ಲ."

ಹಳಬರಿಗೆಲ್ಲ ಈ ರೀತಿ ರೂಢಿಯಾಗಿತ್ತು. ಬ್ಯಾಡಗಿಯ ಮೆಣಸಿನಕಾಯಿ ಸಾಹುಕಾರನೊಬ್ಬನ ನೋಟು ಮುಟ್ಟಿದರೆ ನನಗೆ ಸೀನು. "ಖಾರದ ರೊಕ್ಕ, ಲಗೂ ಖರ್ಚಾಗೂದಿಲ್ಲ ತಗೋ," ಎಂದು ಅವನು ನಗುತ್ತಿದ್ದ. ಆದರೆ ಹಳಬರು ಒಬ್ಬೊಬ್ಬರೇ ಸಾಯುತ್ತಿದ್ದರು. ಆ ತಿಂಗಳು ಇಬ್ಬರು.

ಹೊಸಬ ಬಂದದ್ದು ಒಂದು ಮಧ್ಯಾಹ್ನ. ನಲವತ್ತರ ಆಸುಪಾಸು, ಇಸ್ತ್ರಿ ಅಂಗಿ. ಬೂಟು ಬಿಚ್ಚದೆ ಒಳಗೆ ಬಂದ.

"ಬ್ಯಾಡಗಿ ಸಾವ್ಕಾರ್ರು ಹೇಳಿ ಕಳಿಸ್ಯಾರ್ರಿ, ಅಕ್ಕಾರ."

ಲೋಟ ಇಟ್ಟು ಹೊರಗೆ ಹೋಗಿ ಬಂದೆ. ಲೋಟದ ಕೆಳಗೆ ಏನೂ ಇರಲಿಲ್ಲ.

"ರೊಕ್ಕ ಇಟ್ಟಿಲ್ಲಲ್ರಿ."

"ಈಗ ನೋಟು ಯಾರು ಇಟ್ಕೊಂಡು ತಿರಗತಾರ? ನಂಬರ್ ಹೇಳ್ರಿ, ಫೋನಿಗೆ ಹಾಕತೇನಿ."

ಫೋನು ಮಗಳು ಕೊಡಿಸಿದ್ದು. ಹಬ್ಬಕ್ಕೆ ನನಗೆ ಅಷ್ಟಿಷ್ಟು ಕಳಿಸಲೆಂದು ಬ್ಯಾಂಕಿಗೆ ಜೋಡಿಸಿದ್ದಳು. ಕಳಿಸಿದ ಹಣ ನನ್ನ ಖಾತೆಗೆ ಬೀಳುತ್ತಿತ್ತು, ತಿರುಗಿ ಕಳಿಸುವುದು ಗೊತ್ತಿರಲಿಲ್ಲ. ಯಾರಾದರೂ ಮೋಸ ಮಾಡಿಯಾರೆಂದು ಅದರ ಗುಟ್ಟಿನ ಅಂಕಿಯನ್ನು ಅವಳೇ ಇಟ್ಟುಕೊಂಡಿದ್ದಳು. ಅಲ್ಲಿಯೇ ಅವನನ್ನು ಎಬ್ಬಿಸಿ ಕಳಿಸಬೇಕಿತ್ತು. ಆದರೆ ಸತ್ತ ಇಬ್ಬರಿಂದ ತಪ್ಪಿದ ಹಣದ ಲೆಕ್ಕ ತಲೆಯಲ್ಲಿತ್ತು. ನಂಬರ್ ಹೇಳಿದೆ.

ಅವನು ಒತ್ತಿದ. ನನ್ನ ಫೋನು ಸದ್ದು ಮಾಡಿತು. ತನ್ನ ಫೋನನ್ನು ನನ್ನ ಕಡೆ ತಿರುಗಿಸಿ ಹಿಡಿದ. ಅಕ್ಷರ ಕೂಡಿಸಿ ಓದಿದೆ. ತಂದೆ ತಾಯಿ ನನಗೆ ಇಟ್ಟ ಹೆಸರು. ಆ ಕೋಣೆಯಲ್ಲಿ ಅದು ಯಾರಿಗೂ ಗೊತ್ತಿರಲಿಲ್ಲ. ಕೆಳಗಿನ ಮೊತ್ತ ನಾನು ತೆಗೆದುಕೊಳ್ಳುವುದರ ಮೂರು ಪಟ್ಟು.

"ಹೆಚ್ಚಾತು. ತಿರುಗಿ ತಗೋರಿ."

"ಹಾಕ್ರಿ ಮತ್ತ, ತಗೋತೇನಿ."

ಫೋನು ಹಿಡಿದು ನಿಂತೆ. ಅವನು ಕಾದ, ನನ್ನ ಬೆರಳನ್ನೇ ನೋಡುತ್ತ.

"ಬರೂದಿಲ್ಲೇನು? ಇರಲಿ ಬಿಡ್ರಿ. ಮೂರು ಸಲದ್ದು ಅಂತ ತಿಳ್ಕೋರಿ."

ಆಮೇಲೆ ನಂಬರನ್ನು ಉಳಿಸಿಕೊಂಡ. ಮಗಳು ನನ್ನ ಫೋನಿಗೆ ಹಾಕಿದ್ದ ಚಿತ್ರ ಅವನ ಫೋನಿನಲ್ಲಿ ಬಂತು: ಶಾಲೆಯ ಬೋರ್ಡಿನ ಕೆಳಗೆ ಮಗಳು, ಮೊಮ್ಮಗಳು. ಎರಡು ಬೆರಳಿನಿಂದ ಅದನ್ನು ದೊಡ್ಡದು ಮಾಡಿದ.

"ಅಗಡಿ ಸಾಲಿ. ಮೊಮ್ಮಗಳೇನ್ರಿ? ಎಷ್ಟನೇ ಕ್ಲಾಸು?"

"ನೀರು ಕುಡುದು ಹೋಗ್ರಿ," ಎಂದೆ.

ತಳ ಕಾಣುವವರೆಗೆ ಕುಡಿದ. ನನ್ನನ್ನು ಮುಟ್ಟಲಿಲ್ಲ. ಅದೇ ನನ್ನನ್ನು ಹೆಚ್ಚು ಹೆದರಿಸಿತು. ಹೆಣ್ಣಿಗಾಗಿ ಬಂದವನಿಗೆ ಏನು ಬೇಕೆಂದು ನನಗೆ ತಿಳಿಯುತ್ತದೆ, ಇವನದು ತಿಳಿಯಲಿಲ್ಲ. ಬಾಗಿಲಲ್ಲಿ ನಿಂತು ಹೇಳಿದ:

"ಇವತ್ತಿಂದು ಲೆಕ್ಕ ಹಿಡೀಬ್ಯಾಡ್ರಿ, ಮೂರೂ ಸಲ ಹಂಗ ಅದಾವ. ಇಲ್ಲೇ ಆಗಬೇಕಂತೇನಿಲ್ಲ. ಹಾವೇರಿಯಿಂದ ಅಗಡಿಗೆ ಬಸ್ಸು ಭಾಳ ಅದಾವ."

ಅವನ ಬೂಟಿನ ಸದ್ದು ಓಣಿ ದಾಟಿದ ಮೇಲೆ ಸಾಹುಕಾರನಿಗೆ ಫೋನು ಹಚ್ಚಿದೆ.

"ನಾ ಯಾರನ್ನೂ ಕಳಿಸಿಲ್ಲ. ಹೆಂಗಿದ್ದ?"

ಹೇಳಿದೆ. ಅಂಗಿ, ಬೂಟು, ಅಕ್ಕಾರ ಎನ್ನುವ ಮಾತು.

"ಮುಖದ ಮ್ಯಾಲ ಏನರ ಕಲೆ?"

"ಗದ್ದದ ಮ್ಯಾಲ ಸುಟ್ಟ ಕಲೆ."

"ಇನ್ನ ನನಗ ಫೋನ್ ಹಚ್ಚಬ್ಯಾಡ," ಎಂದು ಇಟ್ಟುಬಿಟ್ಟ. ಇಪ್ಪತ್ತು ವರ್ಷದ ಗುರುತು.

ಆ ಹೊಸಬ ಯಾರೆಂದು ನನಗೆ ಇಂದಿಗೂ ಗೊತ್ತಿಲ್ಲ. ಅಂದು ಗೊತ್ತಿದ್ದದ್ದು ಇಷ್ಟೇ: ಅಗಡಿಗೆ ಹೋದರೆ ಅವನು ಬಾಯಿ ತೆರೆಯುವುದು ಅಳಿಯನ ಮುಂದೆ. ಅಂಥದ್ದೊಂದು ಮಾತು ಊರಲ್ಲಿ ಕೇಳಿಬಂದರೆ ಏನು ಹೇಳಬೇಕೆಂದು ಮಗಳಿಗೆ ಮೊದಲೇ ತಿಳಿದಿರಬೇಕು.

ಮರುದಿನ ಬೆಳಗ್ಗೆ ಮೊದಲ ಬಸ್ಸಿಗೆ ಹಾವೇರಿಗೆ ಹೋಗಿ, ಅಲ್ಲಿಂದ ಬಸ್ಸು ಹಿಡಿದು ಅಗಡಿಯಲ್ಲಿ ಇಳಿದೆ. ಅಳಿಯ ಹೊಲಕ್ಕೆ ಹೋಗುವವರೆಗೆ, ಬೀಗಿತ್ತಿ ಕೂಸನ್ನು ಶಾಲೆಗೆ ಕರೆದೊಯ್ಯುವವರೆಗೆ ಚಹಾ ಕುಡಿಯುತ್ತ ಕುಳಿತೆ. ಆಮೇಲೆ ರೊಟ್ಟಿ ಬಡಿಯುತ್ತಿದ್ದ ಮಗಳ ಎದುರಿಗೆ ಸರಿದು ಕುಳಿತು, ಮೊದಲಿನಿಂದ ಎಲ್ಲವನ್ನೂ ನಾನೇ ಹೇಳಿದೆ.