ನಮ್ಮತ್ತೆಯ ಕವಡೆ

ಅತ್ತೆಯ ಬಲಗೈ ಕಿರುಬೆರಳು ಮಡಚುತ್ತಿರಲಿಲ್ಲ. ಹುಲ್ಲು ಕೊಯ್ಯುವಾಗ ಕುಡುಗೋಲು ತಾಕಿ ಸೆಟೆದದ್ದು ಹಾಗೆಯೇ ನಿಂತಿತ್ತು. ಮುಷ್ಟಿಯಲ್ಲಿ ಕವಡೆ ಕುಲುಕುವಾಗ ಆ ಸಂದಿನಿಂದ ಒಂದು ಜಾರಿದರೆ, "ಇದ್ಕೊಂದ್ ಆತ್ರ" ಎಂದು ಗದರಿಸಿ ಎತ್ತಿಕೊಳ್ಳುತ್ತಿದ್ದಳು.

ನಮ್ಮೂರು ಭೀಮನಬೀಡಿನಲ್ಲಿ ಎಮ್ಮೆ ಕಳೆದರೂ, ಊರು ಬಿಟ್ಟವರ ಸುದ್ದಿ ನಿಂತರೂ ಜನ ನಮ್ಮ ಜಗಲಿಗೇ ಬರುತ್ತಿದ್ದರು. ಹೆಚ್ಚು ಕವಡೆ ಅಂಗಾತ ಬಿದ್ದರೆ ಕೇಳಿದ ಜೀವ ಇದೆ, ಬೋರಲು ಬಿದ್ದರೆ ಇಲ್ಲ. "ಬಿದ್ದಂಗೆ ಯೋಳ್ತೀನಿ, ಬೇಜಾರ್ ಮಾಡ್ಕಬ್ಯಾಡಿ" ಎನ್ನುತ್ತಿದ್ದಳು. ಅಳುವವರೆದುರೂ ಮಾತು ತಿರುಚಿದವಳಲ್ಲ.

ಅವಳ ಒಬ್ಬನೇ ಮಗ ನನ್ನ ಗಂಡ. ಮದುವೆಯಾದ ವರ್ಷವೇ ಮರದ ಲಾರಿ ಹತ್ತಿ ಘಟ್ಟ ಇಳಿದು ಕಲ್ಲಿಕೋಟೆಗೆ ಹೋದ. ಅಲ್ಲಿಂದ ಹಾಯಿಹಡಗಿನ ಕೆಲಸ ಹಿಡಿದು ನಡುಗಡಲ ದ್ವೀಪಗಳಿಗೆ. ಗುಂಡ್ಲುಪೇಟೆಗೆ ಉಪ್ಪುಮೀನು ತರುತ್ತಿದ್ದ ಮಲೆಯಾಳಿ ಸಾಬರ ಕೈಲಿ ಅವ್ವನಿಗೆಂದು ಒಂದು ಹಿಡಿ ಕವಡೆ ಕಳಿಸಿದ. ಬಿಳಿಯ ಬೆನ್ನ ಮೇಲೆ ಹೊಂಬಣ್ಣದ ಗೆರೆ ಉಂಗುರದಂತೆ ಸುತ್ತಿತ್ತು. ದ್ವೀಪದ ಸುತ್ತ ನೀರಿಳಿದಾಗ ಬಂಡೆಗಳ ಮೇಲೆ ಸಿಗುವ ಹುಳದ ಚಿಪ್ಪು ಇದು, ಹುಳ ಸತ್ತು ಕರಗಲೆಂದು ಮರಳಲ್ಲಿ ಹೂಳುತ್ತಾರೆ ಎಂದರು ಸಾಬರು.

"ಜೀವ ಇರೋದ್ನೇ ಊತ್ಬುಡ್ತಾರಾ?" ಎಂದಳು ಅತ್ತೆ. ಅವತ್ತು ಊಟ ಮಾಡಲಿಲ್ಲ.

ಆಮೇಲೆ ಮಗನ ಸುದ್ದಿಯೇ ಬರಲಿಲ್ಲ. ಸಾಬರಿಗೂ ತಿಳಿಯದು. ಅತ್ತೆ ಆ ಕವಡೆಗಳನ್ನೇ ಹಾಕಿ ನೋಡುತ್ತಿದ್ದಳು. ಅಂಗಾತ ಬಿದ್ದ ದಿನ ನನ್ನ ತಟ್ಟೆಗೆ ಮುದ್ದೆ ದೊಡ್ಡದಾಗುತ್ತಿತ್ತು.

ವರ್ಷಗಳು ಕಳೆದವು. ಸಂತೆಮರಹಳ್ಳಿ ಕಡೆಯ, ಹೆಂಡತಿ ಸತ್ತ ಒಬ್ಬರು ನನ್ನನ್ನು ಕೂಡಿಕೆ ಮದುವೆಗೆ ಕೇಳಿದರು. ಗಂಡ ಸತ್ತನೆಂದು ಹಿರಿಯರ ಹಬ್ಬದಲ್ಲಿ ಅವನ ಹೆಸರಿಗೆ ಎಡೆ ಬಿದ್ದರೆ ಮಾತ್ರ ನಮ್ಮವರಲ್ಲಿ ಕೂಡಿಕೆ. ನಾನು ಹೂಂ ಎನ್ನಲಿಲ್ಲ, ಬೇಡವೆಂದೂ ಅನ್ನಲಿಲ್ಲ. ಅತ್ತೆಗೆ ನನ್ನ ಮನಸ್ಸು ತಿಳಿದಿತ್ತು.

ಊರ ಯಜಮಾನ ಬಂದು ಕೂತ. "ಎಡೆ ಮಡಗ್ಬುಡವ್ವ. ಆ ಎಣ್ಣು ಎಲ್ಲಿಗಂಟ ಕಾಯ್ಬೇಕು?"

"ಕವಡೆ ಕೇಳ್ತೀನಿ, ತಡಿ."

ನಾನು ಕಂಬದ ಪಕ್ಕದಲ್ಲಿದ್ದೆ. ಒಂದು ಬಿಟ್ಟು ಎಲ್ಲವೂ ಅಂಗಾತ ಬಿದ್ದವು. ಅತ್ತೆ ಅವನ್ನು ನೋಡಿದಳು, ನನ್ನನ್ನು ನೋಡಿದಳು. ಯಜಮಾನ ಬಗ್ಗುವ ಮೊದಲೇ ಅಂಗೈಯಲ್ಲಿ ಬಾಚಿಕೊಂಡಳು.

"ಬೋರ್ಲು ಬಿದ್ದೊ ಕಣಪ್ಪ. ನನ್ ಮಗ ಇಲ್ಲ."

ಅಮಾವಾಸ್ಯೆಗೆ ಹೊಸ ಪಂಚೆ ಇಟ್ಟು ಅವನಿಗೆ ಎಡೆ ಹಾಕಿದಳು. ನಾನು ಗಾಡಿ ಹತ್ತುವಾಗ, "ತಿರುಗ್ ನೋಡ್ಬ್ಯಾಡ ಕಣಮ್ಮಿ, ಓಗು" ಎಂದಳು. ಆಮೇಲೆ ಯಾರಿಗೂ ಕವಡೆ ಹಾಕಲಿಲ್ಲವಂತೆ. ಬದುಕಿದ್ದಾನೆಂದು ತಾನು ನಂಬಿದ್ದ ಮಗನಿಗೆ ಸಾಯುವ ತನಕ ವರ್ಷ ವರ್ಷ ಎಡೆ ಇಟ್ಟಳು. ನನ್ನ ಸಂಸಾರ, ಮಕ್ಕಳುಮರಿ ಎಲ್ಲ ನಿಂತಿರುವುದು ಅವಳ ಆ ಒಂದು ಸುಳ್ಳಿನ ಮೇಲೆ.

ಅವಳಿಗೆ ಎಡೆ ಇಡುವವರು ಯಾರೂ ಉಳಿದಿರಲಿಲ್ಲ. ಪದ್ಧತಿಯಲ್ಲಿ ಇಲ್ಲದಿದ್ದರೂ ನಮ್ಮ ಮನೆಯಲ್ಲಿ ನಾನೇ ಇಡುತ್ತೇನೆ. ಮೊದಲ ಸಲ ಇಟ್ಟಾಗ ನಮ್ಮ ಮನೆಯವರು ಒಳ್ಳೆಯ ಮನಸ್ಸಿನಿಂದಲೇ, "ಪಕ್ಕದಲ್ಲಿ ಅವ್ಳ ಮಗನ್ಗೂ ಒಂದೆಲೆ ಆಕ್ಬುಡು" ಎಂದರು.

ನಾನು ಹಾಕಲಿಲ್ಲ. ಇವತ್ತಿಗೂ ಹಾಕಿಲ್ಲ.