ಬೀಗರು ಕೊಟ್ಟ ಪೈಪು

ನನ್ನ ವಯಸ್ಸಿನವರೆಲ್ಲ ಒಂದೊಂದನ್ನೇ ಬಿಡುತ್ತಿದ್ದ ಕಾಲದಲ್ಲಿ ನಾನು ಹೊಸದೊಂದನ್ನು ಹಿಡಿದೆ. ಒಬ್ಬರು ಸಕ್ಕರೆ ಬಿಟ್ಟರು, ಇನ್ನೊಬ್ಬರು ಉಪ್ಪಿನಕಾಯಿ ಬಿಟ್ಟರು. ನಂಜನಗೂಡಿನ ಹೊಳೆದಂಡೆಯಲ್ಲಿ ಬೆಳಿಗ್ಗೆ ನನ್ನ ಜೊತೆ ನಡೆಯುತ್ತಿದ್ದ ನಿವೃತ್ತ ಮೇಷ್ಟ್ರು ನಲವತ್ತು ವರ್ಷದ ಸಿಗರೇಟು ಬಿಟ್ಟು ಬಾಯಿಗೆ ಏಲಕ್ಕಿ ಹಾಕಿಕೊಳ್ಳತೊಡಗಿದರು. ನಾನು ಅರವತ್ತೊಂದನೇ ವಯಸ್ಸಿನಲ್ಲಿ ಪೈಪು ಸೇದುವುದನ್ನು ಕಲಿತೆ.

ಅದಕ್ಕೆ ಮುಂಚೆ ನಾನು ಒಂದು ಬೀಡಿಯನ್ನೂ ಸೇದಿದವನಲ್ಲ. ಪಶು ಆಸ್ಪತ್ರೆಯಲ್ಲಿ ಜಾನುವಾರು ಪರೀಕ್ಷಕನಾಗಿ ನನ್ನ ನೌಕರಿಯೆಲ್ಲ ಕಳೆಯಿತು. ಸುತ್ತಲ ಹಳ್ಳಿಗಳಲ್ಲಿ ನನ್ನ ಹೆಸರು ಯಾರಿಗೂ ಗೊತ್ತಿಲ್ಲ, ದನಿನ ಡಾಕ್ಟ್ರು ಅಂದರೆ ಎಲ್ಲರಿಗೂ ಗೊತ್ತು. ಹೋದ ಕಡೆಯಲ್ಲೆಲ್ಲ ರೈತರು ಪ್ರೀತಿಯಿಂದ ಬೀಡಿ ಕಟ್ಟು ಮುಂದೆ ಹಿಡಿಯುತ್ತಿದ್ದರು. ಆದರೆ ನನ್ನ ಕೈ ಯಾವಾಗಲೂ ಬಾಯಿಯ ಹತ್ತಿರ ಒಯ್ಯಬಾರದ ಸ್ಥಿತಿಯಲ್ಲೇ ಇರುತ್ತಿತ್ತು. ಹಾಗಾಗಿ ಆ ಚಟ ಅಂಟಲಿಲ್ಲ.

ಪೈಪು ಹಿಡಿಸಿದವರು ನನ್ನ ಬೀಗರು, ಅಂದರೆ ಮಗಳ ಮಾವ. ತಿ. ನರಸೀಪುರದವರು. ಸೈನ್ಯದಲ್ಲಿ ಸುಬೇದಾರರಾಗಿದ್ದು ನಿವೃತ್ತರಾದವರು. ನೆಟ್ಟಗಿನ ಬೆನ್ನು, ಕತ್ತರಿಸಿದ ಮೀಸೆ, ಗಡಿಯಾರ ನೋಡಿಯೇ ಕಾಫಿ ಕುಡಿಯುವ ಮನುಷ್ಯ. ಮಗಳ ಮದುವೆಯಾಗಿ ನಾಲ್ಕು ವರ್ಷವಾಗಿದ್ದರೂ ನಮ್ಮಿಬ್ಬರ ನಡುವೆ ನಾಲ್ಕು ಮಾತು ಸರಿಯಾಗಿ ಆಗಿರಲಿಲ್ಲ. ಕಾರಣ ಬೀಗರ ಊಟ.

ಮದುವೆಯಾದ ಮೇಲೆ ಅವರ ಮನೆಯಲ್ಲಿ ಬೀಗರ ಊಟ ಇಟ್ಟುಕೊಂಡಿದ್ದರು. ಹನ್ನೆರಡೂವರೆಗೆ ಎಲೆ ಹಾಕುತ್ತೇವೆ ಎಂದಿದ್ದರು. ನಮ್ಮವರು ಎರಡು ವ್ಯಾನಿನಲ್ಲಿ ಅಲ್ಲಿ ಇಳಿದಾಗ ಮೂರು ಗಂಟೆ ದಾಟಿತ್ತು. ಅಷ್ಟರಲ್ಲಿ ಅವರು ಎರಡು ಪಂಕ್ತಿ ಮುಗಿಸಿ, ಮೂರನೆಯದಕ್ಕೆ ಟೇಬಲ್ ಒರೆಸುತ್ತಿದ್ದರು. ಹೆಣ್ಣಿನ ಕಡೆಯವರು ಬರುವುದಕ್ಕೆ ಮೊದಲೇ ಎಲೆ ಹಾಕಿಬಿಟ್ಟರಲ್ಲ ಅಂತ ನಮ್ಮ ದೊಡ್ಡಪ್ಪನಿಗೆ ಸಿಟ್ಟು ಬಂತು. "ನಾವೇನ್ ಮಿಕ್ಕಿದ್ದು ಉಣ್ಣಕ್ ಬಂದಿದ್ದೀವಾ?" ಎಂದು ಅಂಗಳದಲ್ಲೇ ಕೇಳಿಬಿಟ್ಟರು. ಬೀಗರು ಕೈಯಲ್ಲಿದ್ದ ಗಡಿಯಾರ ನೋಡಿಕೊಂಡರು. ನಾವು ಉಂಡೆವು, ಎಲೆಯಡಿಕೆ ಹಾಕಿಕೊಂಡೆವು, ಬಂದೆವು. ಅಂದಿನಿಂದ ಎದುರಾದಾಗಲೆಲ್ಲ "ಚೆನ್ನಾಗಿದ್ದೀರಾ", "ಹೂಂ, ನೀವು", ಅಷ್ಟೇ. ಮಗಳು ಮಾತ್ರ ನಡುವೆ ನಿಂತು ಇಬ್ಬರಿಗೂ ಕಾಫಿ ಕೊಡುತ್ತ ಮುಖ ಸಣ್ಣ ಮಾಡಿಕೊಳ್ಳುತ್ತಿದ್ದಳು.

ಆಮೇಲೆ ನನಗೆ ಮೊಮ್ಮಗಳು ಹುಟ್ಟಿದಳು. ಬಾಣಂತನ ನಮ್ಮ ಮನೆಯಲ್ಲೇ ಆಯಿತು. ಐದನೇ ತಿಂಗಳಲ್ಲಿ ತಾಯಿ ಮಗುವನ್ನು ನರಸೀಪುರಕ್ಕೆ ಬಿಡಲು ನಾನೂ ನನ್ನ ಹೆಂಡತಿಯೂ ಹೋದೆವು. ಸಂಜೆ ಬಸ್ಸಿಗೆ ವಾಪಸು ಹೊರಡಬೇಕೆನ್ನುವಾಗ ಜೋರು ಮಳೆ ಹಿಡಿಯಿತು. ಬೀಗಿತ್ತಿ, "ಇವತ್ತು ಓಗಂಗಿಲ್ಲ" ಎಂದು ನಮ್ಮ ಚೀಲ ತೆಗೆದು ಒಳಗಿಟ್ಟರು. ಹೆಂಗಸರೆಲ್ಲ ಮಗುವಿನ ಸುತ್ತ ಕೂತರು. ನನಗೆ ಹೋಗಲು ಜಾಗವಿಲ್ಲದೆ ಮಳೆ ನಿಂತ ಮೇಲೆ ಹಿತ್ತಲಿಗೆ ಹೋದೆ. ಅಲ್ಲಿ ಸಪೋಟ ಮರದ ಪಕ್ಕ ತಗಡಿನ ಸೂರಿನ ಕೆಳಗೆ ಬೀಗರು ಕೂತಿದ್ದರು. ಬಾಯಲ್ಲಿ ಪೈಪು.

ತಿರುಗಿ ಹೋಗಲೂ ಆಗಲಿಲ್ಲ, ಸುಮ್ಮನೆ ನಿಲ್ಲಲೂ ಆಗಲಿಲ್ಲ. ಇನ್ನೊಂದು ಕುರ್ಚಿಯಲ್ಲಿ ಕೂತೆ. ಸ್ವಲ್ಪ ಹೊತ್ತಾದ ಮೇಲೆ ಪೈಪು ಆರಿತು. ಅವರು ಒಂದು ಕೋಳಿಪುಕ್ಕ ತೆಗೆದು ಅದರ ಕೊಳವೆಯೊಳಗೆ ತೂರಿಸಿ ಒರೆಸತೊಡಗಿದರು. ಅದು ಯಾವ ಕೋಳಿಯ ಪುಕ್ಕ ಅಂತ ನನಗೆ ನೋಡಿದರೇ ಗೊತ್ತಾಯಿತು.

"ಗಿರಿರಾಜನ ಪುಕ್ಕ ಅಲ್ವೇ?" ಎಂದೆ.

ಅವರು ತಲೆ ಎತ್ತಿದರು. "ಊಂ. ನಾಟಿ ಕೋಳೀದು ಮೆತ್ಗೆ, ಬಗ್ಗೋಯ್ತದೆ. ಇದು ಗಟ್ಟಿ."

"ಇದನ್ನ ಹೆಂಗೆ ತುಂಬ್ತಾರೆ?"

ನಾಲ್ಕು ವರ್ಷದಲ್ಲಿ ತಿಳಿದುಕೊಳ್ಳಬೇಕೆಂದು ನಾನು ಅವರನ್ನು ಕೇಳಿದ ಮೊದಲನೇ ಪ್ರಶ್ನೆ ಅದು. ಬೀಗರು ಕುರ್ಚಿಯನ್ನು ನನ್ನ ಕಡೆ ಎಳೆದುಕೊಂಡರು. ಡಬ್ಬಿಯಿಂದ ಕಪ್ಪನೆಯ ಹೊಗೆಸೊಪ್ಪಿನ ಎಳೆ ತೆಗೆದು ತೋರಿಸಿದರು. "ನೋಡಿ ಬೀಗ್ರೆ, ಮೊದಲ್ನೇ ಸಲ ಸಸಿ ಗುಂಡಿಗೆ ಮಣ್ಣು ಉದುರಿಸ್ದಂಗೆ ಸುಮ್ನೆ ಉದುರಿಸ್ಬೇಕು. ಎರಡ್ನೇ ಸಲ ಬೆರಳಲ್ಲಿ ಒಂಚೂರು ಅದುಮ್ಬೇಕು. ಮೂರ್ನೇ ಸಲ ಸಸಿ ಬುಡ ತುಳ್ದಂಗೆ ಒತ್ಬೇಕು. ಬಿಗಿಯಾದ್ರೆ ಗಾಳಿ ಬರಲ್ಲ, ಸಡಿಲ ಆದ್ರೆ ಉರ್ದೋಯ್ತದೆ." ಈ ವಿದ್ಯೆಯನ್ನು ಬೆಟ್ಟದ ಮೇಲಿನ ಒಂದು ಕ್ಯಾಂಪಿನಲ್ಲಿ ಮೇಲಧಿಕಾರಿಯೊಬ್ಬರು ತಮಗೆ ಕಲಿಸಿದರಂತೆ. ಅಷ್ಟು ಚಳಿಯಲ್ಲಿ ಕೈ ಬೆಚ್ಚಗಿಡಲು ಅದಕ್ಕಿಂತ ಒಳ್ಳೆಯದು ಇರಲಿಲ್ಲವಂತೆ.

ನಾನು ಸೇದಿ ನೋಡುತ್ತೇನೆ ಎಂದೆ. ಯಾಕೆ ಹಾಗಂದೆನೋ ಇಂದಿಗೂ ಗೊತ್ತಿಲ್ಲ. ಅವರು ಒಳಗಿಂದ ಎರಡನೇ ಪೈಪು ತಂದು, ತುಂಬಿ, ಕಡ್ಡಿ ಗೀರಿ ಕೊಟ್ಟರು. ನಾನು ರೈತರು ಬೀಡಿ ಸೇದುವುದನ್ನು ನೋಡಿದವನು, ಅದೇ ಥರ ಎದೆತುಂಬ ಎಳೆದೆ. ಕೆಮ್ಮು ಹತ್ತಿ ಕಣ್ಣಲ್ಲಿ ನೀರು ಸುರಿಯಿತು.

"ಎಳೀಬ್ಯಾಡಿ, ಎಳೀಬ್ಯಾಡಿ. ಎದೆಗೆ ಇಳಿಸ್ಬ್ಯಾಡಿ. ಬಾಯಲ್ಲೇ ಒಂದ್ ಗಳಿಗೆ ಇಟ್ಕಂಡು ಬುಟ್ಬುಡಿ" ಎಂದು ಬೀಗರು ಬೆನ್ನು ತಟ್ಟಿದರು. ಶಬ್ದ ಕೇಳಿ ಬಾಗಿಲಿಗೆ ಬಂದ ಬೀಗಿತ್ತಿ ಸೆರಗು ಬಾಯಿಗೆ ಅಡ್ಡ ಹಿಡಿದು ನಕ್ಕರು. ಅವರ ಹಿಂದೆ ನಿಂತಿದ್ದ ನನ್ನ ಹೆಂಡತಿ ನಗಲಿಲ್ಲ.

ಮರುದಿನ ಹೊರಡುವಾಗ ಬೀಗರು ಆ ಎರಡನೇ ಪೈಪನ್ನು ಕಾಗದದಲ್ಲಿ ಸುತ್ತಿ, ಒಂದು ಡಬ್ಬಿ ಹೊಗೆಸೊಪ್ಪಿನ ಜೊತೆ ನನ್ನ ಜೇಬಿಗೆ ಇಟ್ಟರು. ಬಸ್ಸಿನಲ್ಲಿ ಹೆಂಡತಿ ಕಿಟಕಿಯ ಕಡೆ ನೋಡುತ್ತ, "ಅರವತ್ತಕ್ಕೆ ಅರಳು ಮರಳು ಅನ್ನೋದನ್ನ ಕೇಳಿದ್ದೆ, ಈಗ ನೋಡ್ದೆ" ಎಂದಳು. ಊರು ಬಂದ ಮೇಲೆ ಕಾನೂನು ಹೇಳಿದಳು. ಮನೆಯೊಳಗೆ ಇಲ್ಲ, ಬೀದಿಯಲ್ಲಿ ಇಲ್ಲ. ಸೇದಲೇಬೇಕಾದರೆ ತಾರಸಿ.

ತಾರಸಿಯ ಮೇಲೆ ಹೊಳೆಯ ಕಡೆಯಿಂದ ಗಾಳಿ. ಮೊದಲ ದಿನ ಒಂದು ಪೈಪಿಗೆ ಅರ್ಧ ಬೆಂಕಿಪೊಟ್ಟಣ ಖಾಲಿಯಾಯಿತು. ನಾಲಿಗೆಯ ತುದಿ ಸುಟ್ಟು ಸಾರು ಕುಡಿಯಲಾಗದೆ ಎರಡು ದಿನ ಮೊಸರನ್ನ ತಿಂದೆ. ಆದರೂ ಬಿಡಲಿಲ್ಲ. ನೀರಿನ ಟ್ಯಾಂಕಿನ ಮರೆಯಲ್ಲಿ ಸ್ಟೂಲು ಹಾಕಿಕೊಂಡರೆ ಗಾಳಿ ತಾಗುವುದಿಲ್ಲವೆಂದು ಕಂಡುಕೊಂಡೆ. ಆತುರಪಟ್ಟರೆ ಆರುತ್ತದೆ, ಮರೆತರೂ ಆರುತ್ತದೆ. ಹಸುವಿನ ಹೆರಿಗೆಯ ಹಾಗೆ, ಪಕ್ಕದಲ್ಲಿ ಕೂತು ಅದರ ಪಾಡಿಗೆ ಬಿಡುತ್ತ ಗಮನವನ್ನೂ ಇಟ್ಟಿರಬೇಕು. ಆ ಕೆಲಸ ನನಗೆ ಗೊತ್ತಿದ್ದದ್ದೇ. ಒಂದು ತಿಂಗಳಲ್ಲಿ ಎರಡು ಕಡ್ಡಿಗೆ ಇಳಿದೆ.

ಟ್ಯಾಂಕಿನ ಮರೆ ಗಾಳಿಗೆ ಸಾಕಾಯಿತೇ ಹೊರತು ಜನರ ಕಣ್ಣಿಗೆ ಸಾಲಲಿಲ್ಲ. ಒಂದು ದಿನ ಹೆಡತಲೆ ಅನ್ನುವ ಹಳ್ಳಿಯಿಂದ ಒಬ್ಬ ರೈತ ಮನೆಗೆ ಬಂದ. ಹಿಂದೆ ಅವನ ಎಮ್ಮೆಗೆ ಕರು ಅಡ್ಡಬಿದ್ದಾಗ ಬಿಡಿಸಿಕೊಟ್ಟಿದ್ದೆ. ನೀರು ಕುಡಿದು, ಲೋಟ ಕೆಳಗಿಟ್ಟ.

"ಸಾ, ಒಂದ್ ಮಾತು ಕೇಳ್ತೀನಿ, ಬೇಜಾರ್ ಮಾಡ್ಕಬ್ಯಾಡಿ."

"ಕೇಳಪ್ಪ."

"ನೀವು ಚಿಲುಮೆ ಇಡ್ಕಂಡಿದ್ದೀರಂತೆ. ಗಾಂಜಾ ಅಂತಾವ್ರೆ. ನಾನು ನಂಬ್ನಿಲ್ಲ. ಮನೇಲೇನಾರ ತೊಂದ್ರೆ ಅದಾ ಸಾ? ಇದ್ರೆ ಏಳಿ, ಬಂದ್ ಒಂದಿನ ಇದ್ದೋಗ್ತೀನಿ."

ನನಗೆ ನಗು ಬಂತು, ಅವನ ಮುಖ ನೋಡಿ ನಗಲಿಲ್ಲ. ತಾರಸಿಗೆ ಕರೆದುಕೊಂಡು ಹೋಗಿ ಡಬ್ಬಿ ತೆರೆದು ಮೂಗಿನ ಹತ್ತಿರ ಹಿಡಿದೆ. ಅವನು ಕಣ್ಣು ಮುಚ್ಚಿ ಎರಡು ಸಲ ಮೂಸಿದ. "ಆಲೆಮನೇಲಿ ಬೆಲ್ಲ ಕಾಯ್ಸ್ವಾಗ ಬತ್ತದಲ್ಲ, ಅದೇ ವಾಸ್ನೆ" ಎಂದ. ಪೈಪು ಹಚ್ಚಿ ತೋರಿಸಿದೆ. ಅವನು ತನ್ನ ಬೀಡಿ ಹಚ್ಚಿಕೊಂಡು ನನ್ನ ಪಕ್ಕದಲ್ಲಿ ಕುಕ್ಕರುಗಾಲಲ್ಲಿ ಕೂತು ಎಮ್ಮೆಯ ಹಾಲಿನ ವಿಷಯ ಮಾತಾಡಿ ಹೋದ. ಅದಾದ ಮೇಲೆ ಗಾಂಜಾದ ಮಾತು ನನ್ನ ಕಿವಿಗೆ ಬೀಳಲಿಲ್ಲ.

ಹದಿನೈದು ದಿನಕ್ಕೊಮ್ಮೆ ಭಾನುವಾರ ಮೊಮ್ಮಗಳನ್ನು ನೋಡಲೆಂದು ನರಸೀಪುರದ ಬಸ್ಸು ಹತ್ತತೊಡಗಿದೆ. ಮಗುವನ್ನು ಎತ್ತಿ ಆಡಿಸಿ, ಊಟ ಮಾಡಿ, ಆಮೇಲೆ ಹಿತ್ತಲು. ಮಗಳ ಕಾನೂನು ಅವಳ ತಾಯಿಯದಕ್ಕಿಂತ ಬಿಗಿ. ಪೈಪು ಸೇದಿದವರು ಕೈಕಾಲು ಮುಖ ತೊಳೆದು ಬೇರೆ ಅಂಗಿ ಹಾಕಿಕೊಳ್ಳದೆ ಮಗುವಿನ ಕೋಣೆಗೆ ಕಾಲಿಡುವಂತಿಲ್ಲ. ಸುಬೇದಾರರೂ ಅದಕ್ಕೆ ತಲೆಬಾಗಿದರು.

ಹಿತ್ತಲಲ್ಲಿ ನಾವು ಹೆಚ್ಚು ಮಾತಾಡುತ್ತಿರಲಿಲ್ಲ. ಬಾಯಲ್ಲಿ ಪೈಪು ಇದ್ದರೆ ಮಾತಾಡದವನಿಗೆ ಯಾರೂ ಕೊಬ್ಬು ಅನ್ನುವುದಿಲ್ಲ. ಮೊದಲಿನ ನಾಲ್ಕು ವರ್ಷವೂ ಸುಮ್ಮನಿದ್ದವರೇ ನಾವು, ಆದರೆ ಈ ಸುಮ್ಮನಿರುವುದು ಬೇರೆ ಥರ ಇತ್ತು.

ಹೀಗಿರುವಾಗ ಬೀಗರ ಜೊತೆ ಸೈನ್ಯದಲ್ಲಿದ್ದವರೊಬ್ಬರು ಅವರಿಗೆ ಎರಡು ಸಿಗಾರ್ ಕಳಿಸಿಕೊಟ್ಟರು. ಯಾವುದೋ ದೇಶದ್ದು. ಒಂದೊಂದೂ ಎಳೆ ಸೌತೆಕಾಯಿಯಷ್ಟು ದಪ್ಪ. ಮನೆಯಲ್ಲಿ ಸೇದಿದರೆ ಹೆಂಗಸರು ಸುಮ್ಮನಿರುವುದಿಲ್ಲವೆಂದು, ಹೆಮ್ಮಿಗೆಯಲ್ಲಿ ಅವರಿಗಿದ್ದ ಗದ್ದೆ ನೋಡಿಕೊಂಡು ಬರುವ ನೆಪದಲ್ಲಿ ಅವರ ಸ್ಕೂಟರಿನಲ್ಲಿ ಹೊರಟೆವು. ನಾಲೆ ಏರಿಯ ಮೇಲೆ ಹೊಂಗೆಮರದ ನೆರಳಲ್ಲಿ ಟವೆಲ್ ಹಾಸಿದೆವು. ಸಿಗಾರಿನ ತುದಿ ಕತ್ತರಿಸಬೇಕೆಂದು ಬೀಗರು ಫೋನಿನಲ್ಲೇ ಹೇಳಿದ್ದರು. ನಾನು ನನ್ನ ಹಳೇ ಕಿಟ್ಟಿನಿಂದ ಕರುಗಳ ಹೊಕ್ಕುಳಬಳ್ಳಿ ಕತ್ತರಿಸುತ್ತಿದ್ದ ಕತ್ತರಿ ತಂದಿದ್ದೆ.

"ತೊಳ್ದಿದ್ದೀರಿ ತಾನೆ?" ಎಂದರು ಬೀಗರು.

"ಕುದಿಸಿದ್ದೀನಿ."

ಅರ್ಧದವರೆಗೆ ಸುಖವಾಗಿತ್ತು. ಎದುರಿಗೆ ಹಸಿರು ಪೈರು, ಪಕ್ಕದಲ್ಲಿ ಹರಿಯುವ ನೀರು, ಬಾಯಲ್ಲಿ ಸಾಹುಕಾರರ ಹೊಗೆ. ಅರ್ಧ ದಾಟಿದ ಮೇಲೆ ನನ್ನ ಅಂಗೈ ತಣ್ಣಗಾಯಿತು. ಬೆವರು ಒಡೆಯಿತು. ನಾಲೆ ಒಂದು ಸಲ ಎಡಕ್ಕೂ ಇನ್ನೊಂದು ಸಲ ಬಲಕ್ಕೂ ಹರಿಯತೊಡಗಿತು. ಬೀಗರಿಗೆ ಹೇಳೋಣವೆಂದು ತಿರುಗಿದರೆ ಅವರು ಆಗಲೇ ಮಲಗಿದ್ದರು. ನಾನೂ ಪಕ್ಕದಲ್ಲಿ ಮಲಗಿದೆ.

ಹುಲ್ಲಿನ ಹೊರೆ ಹೊತ್ತು ಬರುತ್ತಿದ್ದ ಹೆಂಗಸೊಬ್ಬಳು ನಮ್ಮನ್ನು ಕಂಡು ಹೊರೆ ಕೆಳಗೆ ಹಾಕಿದಳು. "ಯಾಕ್ರಣ್ಣ, ಬಿಸ್ಲು ಒಡೀತಾ?" ಎಂದು ಬಗ್ಗಿ ನೋಡಿದಳು. ಹುಲ್ಲಿನ ಮೇಲೆ ಬಿದ್ದಿದ್ದ ಸಿಗಾರ್ ತುಂಡುಗಳನ್ನು ಕಾಲಿನಿಂದ ಸರಿಸಿದಳು. ತನ್ನ ಬಾಟಲಿಯಲ್ಲಿದ್ದ ಉಪ್ಪು ಮಜ್ಜಿಗೆಯನ್ನು ಇಬ್ಬರಿಗೂ ಕುಡಿಸಿ, "ಇಂಗ್ ಮಕಾಡೆ ಬಿದ್ದಿರೋರ್ಗೆ ದನಿನ ಡಾಕ್ಟ್ರುನ್ನೇ ಕರುಸ್ಬೇಕು" ಎಂದಳು.

ಬೀಗರು ಕಣ್ಣು ತೆರೆಯದೆ ನನ್ನ ಕಡೆ ಬೆರಳು ತೋರಿಸಿದರು. "ಇವ್ರೇ ಕಣವ್ವ ದನಿನ ಡಾಕ್ಟ್ರು."

ಅವಳು ಹೊರೆ ಹೊತ್ತುಕೊಂಡು ಏರಿಯ ತುದಿ ಮುಟ್ಟುವವರೆಗೂ ನಗುತ್ತಲೇ ಹೋದಳು.

ಮಜ್ಜಿಗೆ ಇಳಿದು ಜೀವ ಬಂದ ಮೇಲೂ ನಾವು ಏಳಲಿಲ್ಲ. ಹೊಂಗೆಯ ಎಲೆ ನೋಡುತ್ತ ಬೀಗರು ಹೇಳಿದರು, "ಅವತ್ತು ನಾನು ಕಾಯ್ಬೇಕಾಗಿತ್ತು."

ಯಾವತ್ತು ಎಂದು ನಾನು ಕೇಳಬೇಕಾಗಿರಲಿಲ್ಲ.

"ಟೈಮು ಅಂದ್ರೆ ಟೈಮು ಅನ್ನೋದು ನಂಗೆ ರಕ್ತದಲ್ಲಿ ಬಂದ್ಬುಟ್ಟದೆ ಬೀಗ್ರೆ. ನಮ್ಮನೆಯವ್ಳು ಬ್ಯಾಡ ಅಂದ್ಲು. ನಾನು ಕೇಳ್ನಿಲ್ಲ."

ಆಗ ನಾನು ಅವರಿಗೆ ಹೇಳದೆ ಇಟ್ಟುಕೊಂಡಿದ್ದನ್ನು ಹೇಳಿದೆ. ಅಂದು ಬೆಳಿಗ್ಗೆ ಹೊರಡುವ ಹೊತ್ತಿಗೆ ಚಿಕ್ಕಯ್ಯನಛತ್ರದ ಕಡೆಯ ಒಬ್ಬ ರೈತ ಫೋನ್ ಮಾಡಿದ್ದ. ಹಸುವಿಗೆ ಹೆರಿಗೆ ನಿಂತಿತ್ತು, ಕರುವಿನ ಹಿಂಗಾಲು ಮುಂದಾಗಿತ್ತು. ಹೊಸ ಪಂಚೆಯಲ್ಲೇ ಹೋದೆ. ಕೆಲಸ ಮುಗಿಸಿ, ಮನೆಗೆ ಬಂದು ಸ್ನಾನ ಮಾಡಿ ಹೊರಡುವಾಗ ಒಂದೂವರೆ ದಾಟಿತ್ತು. ಎರಡು ವ್ಯಾನಿನ ಜನವೂ ನನಗಾಗಿ ಕಾದಿದ್ದರು. ಅಂಗಳದಲ್ಲಿ ಮಾತು ಬೆಳೆದ ಮೇಲೆ ಕಾರಣ ಹೇಳಿದರೆ ತಪ್ಪೊಪ್ಪಿಕೊಂಡ ಹಾಗಾಗುತ್ತದೆ ಅನ್ನಿಸಿ ಸುಮ್ಮನಾಗಿದ್ದೆ.

ಬೀಗರು ಎದ್ದು ಕೂತರು. "ಕರ ಉಳೀತಾ?"

"ಎರಡೂ ಉಳಿದ್ವು. ಹೆಣ್ಣುಗರು."

"ಅದನ್ನ ಏಳಕ್ಕೇನಾಗಿತ್ತು ನಿಮ್ಗೆ? ಸಂಜೆ ಗಂಟ ಬೇಕಾದ್ರೂ ಕಾಯ್ತಿದ್ದೆ" ಎಂದರು. ಆಮೇಲೆ ನನ್ನ ಕೈ ಹಿಡಿದು ಎಬ್ಬಿಸಿದರು. ಸ್ಕೂಟರನ್ನು ತುಂಬ ನಿಧಾನವಾಗಿ ಓಡಿಸಿಕೊಂಡು ಬಂದೆವು.

ಹುಲ್ಲಿನ ಹೆಂಗಸು ಬೀಗಿತ್ತಿಗೆ ಗೊತ್ತಿದ್ದವಳೇ ಆಗಿದ್ದಳು. ವಾರದೊಳಗೆ ಎರಡು ಮನೆಗೂ ಸುದ್ದಿ ಮುಟ್ಟಿತು. ಮಗಳು ನನ್ನನ್ನು ಬಿ.ಪಿ. ನೋಡುವ ಡಾಕ್ಟರ ಹತ್ತಿರ ಕರೆದುಕೊಂಡು ಹೋದಳು. ಅವರು ಪೆನ್ನು ಕೆಳಗಿಟ್ಟು, "ಇದು ಕಲಿಯೋ ವಯಸ್ಸಾ?" ಎಂದರು. ಬಿಡಿ ಎಂದೇ ಹೇಳಿದರು. ಸಿಗಾರನ್ನು ಅಂದೇ ಬಿಟ್ಟೆ, ಅದರಲ್ಲಿ ತ್ಯಾಗವೇನೂ ಇರಲಿಲ್ಲ. ಪೈಪನ್ನು ವಾರಕ್ಕೆ ಒಂದಕ್ಕೆ ಇಳಿಸಿದೆ. ಡಾಕ್ಟರಿಗೆ ಅದೂ ಸಮಾಧಾನವಿಲ್ಲ. ಅವರ ಮಾತು ನ್ಯಾಯವೇ ಆದ್ದರಿಂದ ನಾನು ವಾದ ಮಾಡುವುದಿಲ್ಲ.

ಈ ಬೇಸಿಗೆಯಲ್ಲಿ ಒಂದು ಸಂಜೆ ತಾರಸಿಯಲ್ಲಿ ಪೈಪು ಹಚ್ಚಿಕೊಂಡಿದ್ದೆ. ಒಣಗಿದ ಸಂಡಿಗೆ ಎತ್ತಲು ಹೆಂಡತಿ ಮೇಲೆ ಬಂದಳು. ಸಂಡಿಗೆ ಎತ್ತಿ ಮುಗಿಸಿ ನನ್ನ ಮುಂದೆ ನಿಂತು ಕೈ ಚಾಚಿದಳು. ನಾನು ತಬ್ಬಿಬ್ಬಾಗಿ ಪೈಪು ಕೊಟ್ಟೆ. ಸುತ್ತ ನೋಡಿ, ಒಂದು ಸಲ ಹೊಗೆ ತೆಗೆದುಕೊಂಡು, ಬಾಯಲ್ಲಿ ಇಟ್ಟುಕೊಂಡು, ಬಿಟ್ಟಳು. ಕೆಮ್ಮಲೇ ಇಲ್ಲ.

"ಬಾಯೆಲ್ಲ ಒಲೆಯಾಯ್ತು. ಇದಕ್ಕೇನಾ ನೀವು ನರಸೀಪುರಕ್ಕೆ ಹೋಗೋದು?"

"ಮೊಮ್ಮಗಳನ್ನ ನೋಡೋಕೆ" ಎಂದೆ.

"ಹೂಂ ಹೂಂ. ಬರೋ ಭಾನುವಾರ ನಾನೂ ಬರ್ತೀನಿ" ಎಂದು ಸಂಡಿಗೆಯ ಮೊರ ಎತ್ತಿಕೊಂಡು ಇಳಿದುಹೋದಳು.

ಈಗ ಇಬ್ಬರೂ ಹೋಗುತ್ತೇವೆ. ಹೆಂಗಸರು ಅಡುಗೆಮನೆಯಲ್ಲಿ, ನಾವು ಹಿತ್ತಲಲ್ಲಿ, ಮೊಮ್ಮಗಳು ಮಧ್ಯದ ಹಜಾರದಲ್ಲಿ ಗೋಡೆ ಹಿಡಿದುಕೊಂಡು ಹೆಜ್ಜೆ ಹಾಕುತ್ತಾಳೆ. ಹೋದ ಸಲ ಒಳಗಿನಿಂದ ಬೀಗಿತ್ತಿ, ನನ್ನ ಹೆಂಡತಿ ಇಬ್ಬರ ನಗುವೂ ಜೋರಾಗಿ ಕೇಳಿತು. ಬೀಗರು ಪೈಪನ್ನು ಬಾಯಿಂದ ತೆಗೆದು, "ನಮ್ ಇಚಾರವೇ ಇರ್ಬೇಕು" ಎಂದರು. ಇರಬಹುದು ಎಂದೆ. ನನ್ನ ಪೈಪು ಆರಿತ್ತು, ಇನ್ನೊಂದು ಕಡ್ಡಿ ಗೀರಿದೆ.